ತುಳಿದವನದೇ ಮಿಷನ್ನು

ನಲವತ್ನಾಲ್ಕು ವರ್ಷ ತುಂಬಿದರೂ ಪರಮಣ್ಣನನ್ನು ಯಾರೂ ಯಾವ ಸಭೆಗೂ ಅಧ್ಯಕ್ಷನಾಗೆಂದು ಕರೆದಿರಲಿಲ್ಲ. ರಾಯಚೂರಿನಂಥ ಊರಿನಲ್ಲಿ ಇದು ಸಣ್ಣ ಅವಮಾನವಲ್ಲ. ಅಲ್ಲಿ ಗಣಪತಿ ಕೂಡಿಸಿದರೆ ಒಬ್ಬ ಅಧ್ಯಕ್ಷ, ಓಣಿಗೆ ನಳ ಬಂದರೆ ಒಬ್ಬ ಅಧ್ಯಕ್ಷ, ಸತ್ತವರಿಗೆ ಸಂತಾಪ ಹೇಳಲು ಐದು ಜನ ಕೂಡಿದರೆ ಆ ಐವರಲ್ಲೂ ಒಬ್ಬ ಅಧ್ಯಕ್ಷ. ಎಲ್ಲರ ಕೊರಳೂ ಹಾರ ಕಂಡಿದ್ದವು. ಪರಮಣ್ಣನ ಕೊರಳು ಮಾತ್ರ ಅಳತೆಯ ಟೇಪು ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ.

ಟೇಪು ಇತ್ತೆಂದ ಮಾತ್ರಕ್ಕೆ ಅವನನ್ನು ದರ್ಜಿ ಎಂದುಕೊಳ್ಳಬಾರದು. ತೀನ್ ಕಂದೀಲ್ ಹತ್ತಿರದ ಆ ಟೇಲರ್ ಅಂಗಡಿ ಅವನ ಮಾವನದು. ಹನ್ನೆರಡು ವರ್ಷದ ಹಿಂದೆ ಮಾವ ತೀರಿಕೊಂಡಾಗ ಅಂಗಡಿ, ಮೂರು ಹೊಲಿಗೆ ಮಿಷನ್ನು, ಎರಡು ಬೆಂಚು, ಒಂದು ಟ್ಯೂಬ್‌ಲೈಟು ಅಳಿಯನ ಪಾಲಿಗೆ ಬಂದವು. ಹೊಲಿಗೆಯ ವಿದ್ಯೆ ಮಾತ್ರ ಮಗಳು ಕರೆಮ್ಮನ ಹತ್ತಿರವೇ ಉಳಿಯಿತು. ಮದುವೆಯಾದ ಮೇಲೆ ಹೆಂಡತಿ ಅಂಗಡಿಯಲ್ಲಿ ಕೂಡುವುದು ಮರ್ಯಾದೆಗೆ ಕಡಿಮೆ ಎಂದು ಪರಮಣ್ಣ ಅವಳನ್ನು ಮನೆಗೆ ಕಳಿಸಿದ. ಹೊಲಿಯುವುದು ಮಾಲೀಕನಿಗೆ ಕಡಿಮೆ ಎಂದು ತಾನೂ ಹೊಲಿಯಲಿಲ್ಲ. ಒಂದು ಮಿಷನ್ನಿನ ಮೇಲೆ ಗುಲಾಮ್ ದಸ್ತಗೀರ್ ಕೂಡುತ್ತಿದ್ದ, ಇನ್ನೊಂದರ ಮೇಲೆ ದೇವದುರ್ಗದ ಮಾರೆಪ್ಪ. ಕಾಜಾ, ಗುಂಡಿ ರಜಿಯಾ ಬೇಗಂ ನೋಡುತ್ತಿದ್ದಳು. ಮೂರನೆಯ ಮಿಷನ್ನು ಮಾವನ ಸ್ವಂತದ್ದು, ಮಗಳು ಕೂತು ಹೊಲಿಯುತ್ತಿದ್ದದ್ದೂ ಅದರ ಮೇಲೆಯೇ. ಅದರ ಮೇಲೆ ಹೂವಿನ ಬಟ್ಟೆ ಹೊದಿಸಿ ಪರಮಣ್ಣ ಅದಕ್ಕೆ ಮೊಣಕೈ ಊರಿ ಕೂಡುತ್ತಿದ್ದ. ಗಿರಾಕಿ ಬಂದರೆ ಎದ್ದು ಟೇಪು ಹಿಡಿದು, ಪೊಲೀಸರು ಪಂಚನಾಮೆ ಮಾಡುವ ಗತ್ತಿನಲ್ಲಿ ಅಳತೆ ಕೂಗುತ್ತಿದ್ದ. ದಸ್ತಗೀರ್ ಆ ಅಳತೆಯನ್ನು ತಲೆ ಬಗ್ಗಿಸಿ ಅದಬಿನಿಂದ ಬರೆದುಕೊಂಡು, ಆ ಚೀಟಿಯನ್ನು ಅದಬಿನಿಂದ ಕುರ್ಚಿಯ ಕೆಳಗೆ ಬಿಟ್ಟು, ಗಿರಾಕಿಯನ್ನು ಕಣ್ಣಿನಲ್ಲೇ ಅಳೆದು ಕತ್ತರಿ ಹಾಕುತ್ತಿದ್ದ. ಅಂಗಡಿಗೆ ಒಳ್ಳೆಯ ಹೆಸರಿತ್ತು.

ಎಂಬತ್ತೊಂದನೆಯ ಇಸವಿ ಜೂನ್ ತಿಂಗಳು. ಆಗ ರಾಯಚೂರಿನಲ್ಲಿ ಅರಾಜಕತಾವಾದಿಗಳು ಒಟ್ಟು ಇಬ್ಬರಿದ್ದರು. ಇಬ್ಬರ ನಡುವೆ ಮಾತಿರಲಿಲ್ಲ. ಒಬ್ಬರು ಕಾಲೇಜಿನ ಅಂಬಣ್ಣ ಮೇಷ್ಟ್ರು. ದುಡಿಯುವ ಸಾಧನ ಅದನ್ನು ದುಡಿಸುವವನದು ಎಂಬುದು ಅವರ ವಾದ. ಇನ್ನೊಬ್ಬರು ತಂತಿ ಕಚೇರಿಯಿಂದ ನಿವೃತ್ತರಾದ ಹನುಮಂತ್ರಾಯರು. ಅದು ಒಬ್ಬನದೂ ಅಲ್ಲ, ಎಲ್ಲರದು ಎಂಬುದು ಅವರ ವಾದ. ಸರ್ಕಾರವೇ ಬೇಡ ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಒಬ್ಬರು ತಿಂಗಳ ಮೊದಲ ತಾರೀಖು ಸಂಬಳಕ್ಕೆ, ಇನ್ನೊಬ್ಬರು ಅದೇ ತಾರೀಖು ಪಿಂಚಣಿಗೆ ಸರ್ಕಾರದ ಮುಂದೆ ಸಾಲು ನಿಲ್ಲುತ್ತಿದ್ದರು.

ಈ ಜಗಳ ಬಹಿರಂಗವಾಗಿ ತೀರಲೆಂದು ಚರ್ಚಾಕೂಟ ಏರ್ಪಾಡಾಯಿತು. ಗ್ರಂಥಾಲಯದ ಬೀಗದ ಕೈ ಸಿಗಲಿಲ್ಲ. ಟ್ಯೂಬ್‌ಲೈಟು, ಬೆಂಚು ಎರಡೂ ಇರುವ ಜಾಗ ಪರಮಣ್ಣನ ಅಂಗಡಿ. ಅಂಬಣ್ಣ ಮೇಷ್ಟ್ರು ಬಂದು, "ಜಾಗ ಕೊಟ್ರ ನೀವೇ ಅಧ್ಯಕ್ಷರು" ಅಂದರು. ಪರಮಣ್ಣನಿಗೆ ಮುಂದಿನ ಮಾತು ಕೇಳಿಸಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ: "ಅರಾಜಕರ ಸಭಾಕ್ಕ ನಾನು ಅಧ್ಯಕ್ಷ."

"ಅರಾಜಕ ಅಂದ್ರೇನ್ರಿ?" ಕರೆಮ್ಮ ಕೇಳಿದಳು.

ಪರಮಣ್ಣ ಒಂದು ಗಳಿಗೆ ಯೋಚಿಸಿ, "ಅರೆ ರಾಜ. ಅರ್ಧಾ ರಾಜ ಇದ್ದಂಗ" ಅಂದ.

"ಅರ್ಧಾ ರಾಜ ಆಮ್ಯಾಲ ಆಗೀರಂತ. ಮೊದಲ ಪೂರ್ತಿ ಟೇಲರ್ ಆಗ್ರಿ" ಎಂದು ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಸಭೆಗೆ ಹದಿಮೂರು ಜನ ಸೇರಿದರು. ಅದರಲ್ಲಿ ನಾಲ್ವರು ಗಿಲ್ಲೆಸುಗೂರಿನ ಸಂಜೆ ಬಸ್ಸು ತಪ್ಪಿಸಿಕೊಂಡವರು, ಮೂವರು ಹೊಲಿಯಲು ಕೊಟ್ಟ ಅಂಗಿ ಕೇಳಲು ಬಂದವರು. ಆ ಮೂವರಲ್ಲೊಬ್ಬ ಊರಿನ ಪತ್ರಿಕೆಯ ವರದಿಗಾರ.

ಅಂಬಣ್ಣ ಮೇಷ್ಟ್ರು ಶುರು ಮಾಡಿದರು: "ನೋಡ್ರಿ, ಹಲ್ಲು ತಿಕ್ಕೋ ಬೇವಿನಕಡ್ಡಿ ನಿಂದು. ಅದರಾಗ ತಕರಾರಿಲ್ಲ. ಕೊಡ್ಲಿ ಯಾರದು? ಕಟಗಿ ಒಡಿಯೋನದು! ಗೋಡಿಗೆ ನೇತು ಹಾಕಿ ಬಾಡಿಗಿ ತಿನ್ನೋನದಲ್ಲ!"

ಹನುಮಂತ್ರಾಯರು ಎದ್ದು ನಿಂತರು: "ಒಡಿಯೋನ ಕೈಯಾಗ ಕೊಟ್ರ ನಾಳೆ ಅವನೇ ಸಾವ್ಕಾರ ಆಗ್ತಾನ. ಕೊಡ್ಲಿ ಓಣಿದು! ಬೇಕಾದೋರು ತಗೋಬೇಕು, ಒಡಿಬೇಕು, ಇಡಬೇಕು."

"ಎಲ್ಲಾರದೂ ಅಂದ್ರ ಅದರ ಕಾವು ಮುರದಾಗ ಯಾರು ಹಾಕಸ್ತಾರ?"

"ಎಲ್ಲಾರೂ!"

"ಎಲ್ಲಾರೂ ಅಂದ್ರ ಯಾರೂ ಇಲ್ಲ!"

"ನೀನು ಸಣ್ಣ ಮಾಲೀಕರ ದಲ್ಲಾಳಿ!"

ಈ ಮಟ್ಟಕ್ಕೆ ಬಂದ ಮೇಲೆ ತತ್ವಶಾಸ್ತ್ರ ಒಂದು ತಾಸು ನಡೆಯಿತು. ನಡುವೆ ರಜಿಯಾ ಬೇಗಂ, "ಸೂಜಿ ಬೇವಿನಕಡ್ಡಿ ಲೆಕ್ಕದಾಗ ಬರ್ತದೋ ಕೊಡ್ಲಿ ಲೆಕ್ಕದಾಗ ಬರ್ತದೋ ಸಾಬ್?" ಎಂದು ಕೇಳಿದಳು. ಆ ಸಂಜೆ ಯಾರಾದರೂ ಕೇಳಿದ ಒಂದೇ ಉಪಯೋಗದ ಪ್ರಶ್ನೆ ಅದು. ಇಬ್ಬರೂ ವಿದ್ವಾಂಸರು ಅದನ್ನು ದಾಟಿ ಮತ್ತೆ ಕೊಡಲಿ ಹಿಡಿದರು.

ಕಡೆಗೆ ಅಧ್ಯಕ್ಷ ಭಾಷಣ. ಪರಮಣ್ಣ ಎದ್ದ. ಕೊರಳಲ್ಲಿ ಚೆಂಡುಹೂವಿನ ಹಾರ, ಅದರ ಕೆಳಗೆ ಟೇಪು. ಒಂದು ತಾಸಿನ ಚರ್ಚೆಯಲ್ಲಿ ಅವನಿಗೆ ದಕ್ಕಿದ್ದು ಕೊಡಲಿ ಒಂದೇ. ಅವನ ಹತ್ತಿರ ಕೊಡಲಿ ಇರಲಿಲ್ಲ, ಆದ್ದರಿಂದ ಧೈರ್ಯವಾಗಿ ಮಾತಾಡಿದ. "ಮಹಾಜನರೇ, ಕೊಡ್ಲಿ ಕಡಿಯೋನದು! ಕೂರಿಗಿ ಬಿತ್ತೋನದು!" ಬಸ್ಸು ತಪ್ಪಿಸಿಕೊಂಡ ನಾಲ್ವರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಎಂಬುದು ಸಿಂಧಿ ಕುಡಿದಂತೆ. ಅಭ್ಯಾಸವಿಲ್ಲದವನಿಗೆ ಬೇಗ ಏರುತ್ತದೆ. ಪರಮಣ್ಣ ಕೈ ಎತ್ತಿ ಇಡೀ ತೀನ್ ಕಂದೀಲಿಗೆ ಕೇಳುವಂತೆ ಕೂಗಿದ: "ಅಷ್ಟೇ ಯಾಕ? ಮಿಷನ್ನು ತುಳಿದವನದೇ ಮಿಷನ್ನು!"

ದಸ್ತಗೀರನ ಕಾಲು ಪೆಡಲಿನ ಮೇಲೆ ನಿಂತಿತು. ಮಾರೆಪ್ಪ ಬಾಯಲ್ಲಿದ್ದ ದಾರ ತೆಗೆದ.

ಮರುದಿನ ಪತ್ರಿಕೆಯ ಎರಡನೆಯ ಪುಟದಲ್ಲಿ ಬಂತು: "ಯಂತ್ರಗಳನ್ನು ದುಡಿಯುವವರಿಗೇ ಅರ್ಪಿಸಿದ ರಾಯಚೂರಿನ ತ್ಯಾಗಜೀವಿ." ವರದಿಗಾರನ ಅಂಗಿ ಇನ್ನೂ ಹೊಲಿದಿರಲಿಲ್ಲ, ಬಹುಶಃ ಆ ಸಿಟ್ಟಿನಲ್ಲಿ ಬರೆದಿರಬೇಕು.

ಪರಮಣ್ಣ ಆ ಪುಟವನ್ನು ಮಡಿಸಿ ಜೇಬಿನಿಂದ ಹೊರಗೆ ಕಾಣುವಂತೆ ಇಟ್ಟುಕೊಂಡು ಅಂಗಡಿಗೆ ಬಂದಾಗ ಬಾಗಿಲಲ್ಲಿ ಜನ ನೆರೆದಿದ್ದರು. ಎದುರಿನ ಬಳೆ ಅಂಗಡಿಯ ಶೇಖಮ್ಮ ಹಾರ ಹಿಡಿದು ನಿಂತಿದ್ದಳು. "ಯಪ್ಪಾ ಪರಮಣ್ಣ, ಹನ್ನೆರಡು ವರ್ಷ ನಿನ್ನ ಜಿಪುಣ ಅಂತ ಬೈದೀನಿ. ನನ್ನ ನಾಲಿಗಿ ಸುಡ್ಲಿ" ಎಂದು ಹಾರ ಹಾಕಿದಳು.

ದಸ್ತಗೀರ್ ಮುಂದೆ ಬಂದು ಸಲಾಮು ಮಾಡಿದ. "ಮಾಲೀಕ್, ನಾವು ಭಾಳ ಓದ್ಲಾರದ ಮಂದಿ. ಪೇಪರಿನಾಗ ಬಂದಿದ್ದು ಖರೆ ಏನ್ರಿ? ಸುಳ್ಳಾದ್ರ ಸುಳ್ಳು ಅಂತ ಹೇಳ್ರಿ, ನಾವು ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

ಇಷ್ಟು ಮರ್ಯಾದೆಯಿಂದ ಯಾರೂ ಯಾರನ್ನೂ ಹಳ್ಳಕ್ಕೆ ಬೀಳಿಸಿರಲಿಕ್ಕಿಲ್ಲ. ಪರಮಣ್ಣ ಜನರನ್ನು ನೋಡಿದ, ಹಾರ ನೋಡಿದ. ಸುಳ್ಳು ಎಂದರೆ ಹಾರ ತೆಗೆದು ಕೊಡಬೇಕು. "ಖರೆ" ಅಂದ.

ಹತ್ತು ಮಿನಿಟಿನಲ್ಲಿ ದಸ್ತಗೀರನ ಮಿಷನ್ನು ಕೈಗಾಡಿ ಏರಿತು. ಮಾರೆಪ್ಪನದು ದೇವದುರ್ಗದ ಬಸ್ಸಿನ ಟಾಪು ಏರಿತು. ರಜಿಯಾ ಬೇಗಂ ಸೂಜಿಯ ಡಬ್ಬಿ ಮಡಿಲಲ್ಲಿ ಕಟ್ಟಿಕೊಂಡಳು. ಹೋಗುವಾಗ ಅವರವರು ಹೊಲಿಯುತ್ತಿದ್ದ ಬಟ್ಟೆಯೂ ಅವರವರ ಜೊತೆಗೇ ಹೋಯಿತು, ಅರ್ಧ ಹೊಲಿದದ್ದನ್ನು ಬಿಟ್ಟು ಹೋಗುವುದು ದರ್ಜಿಯ ಧರ್ಮವಲ್ಲವಲ್ಲ. ಜನ ಚಪ್ಪಾಳೆ ಹೊಡೆದರು. ಪರಮಣ್ಣ ಎಲ್ಲರಿಗೂ ಕೈ ಮುಗಿದ.

ಉಳಿದಿದ್ದು ಮಾವನ ಮಿಷನ್ನು. ಮಧ್ಯಾಹ್ನ ಕರೆಮ್ಮ ಬಂದು ಹೂವಿನ ಬಟ್ಟೆ ಸರಿಸಿ, ಪೆಡಲಿನ ಮೇಲಿನ ಧೂಳನ್ನು ಬೆರಳಿನಲ್ಲಿ ತೆಗೆದು ಗಂಡನ ಮೂಗಿನ ಮುಂದೆ ಹಿಡಿದಳು. "ಹನ್ನೆರಡು ವರ್ಷದಾಗ ಇದನ್ನ ಯಾರರೆ ತುಳಿದಾರೇನ್ರಿ?"

"ಇಲ್ಲ."

"ಅದಕ್ಕ ಮೊದಲ ಯಾರು ತುಳೀತಿದ್ರು?"

"...ನೀನು."

"ಹಂಗಾರ ಸರೀರಿ" ಎಂದು ಅವಳು ಇನ್ನೊಂದು ಕೈಗಾಡಿ ಕರೆದಳು.

ತ್ಯಾಗಜೀವಿಯ ಬಳಿ ಈಗ ಬೆಂಚು ಎರಡು, ಟ್ಯೂಬ್‌ಲೈಟು ಒಂದು ಉಳಿದವು. ಮುಸ್ಸಂಜೆಯ ಹೊತ್ತಿಗೆ ಹನುಮಂತ್ರಾಯರು ಬಂದು, ಯಂತ್ರಗಳನ್ನು ಓಣಿಗೆ ಕೊಡದೆ ವ್ಯಕ್ತಿಗಳಿಗೆ ಕೊಟ್ಟದ್ದು ಚಳವಳಿಗೆ ಬಗೆದ ದ್ರೋಹ ಎಂದು ಬೈದು ಹೋದರು.

ನಿಜವಾದ ಆಪತ್ತು ಮರುದಿನ ಜೀಪಿನಲ್ಲಿ ಬಂತು. ನಾಡಗೌಡ ಸಾಹೇಬರು ಒಂದು ಕಚೇರಿಗೆ ದೊಡ್ಡವರು, ದೇಹಕ್ಕೂ ದೊಡ್ಡವರು. ಭಾನುವಾರ ಮಾನ್ವಿಗೆ ಮಂತ್ರಿಗಳು ಬರುವ ಕಾರ್ಯಕ್ರಮ, ಸಾಹೇಬರಿಗೆ ವೇದಿಕೆಯ ಮೇಲೆ ಕುರ್ಚಿ. ಅದಕ್ಕಾಗಿ ಬೂದಿ ಬಣ್ಣದ ಸಫಾರಿ ಸೂಟು ಹೊಲಿಯಲು ಕೊಟ್ಟಿದ್ದರು.

"ಎಲ್ಲೈತಿ ನನ್ನ ಸಫಾರಿ?"

"ಕೋಟು ದಸ್ತಗೀರನ ಮನ್ಯಾಗ ಅದ್ರಿ. ಗುಂಡಿ ರಜಿಯಾ ಬೇಗಂ ಮನ್ಯಾಗ ಅದಾವ್ರಿ. ಪ್ಯಾಂಟು..." ಪರಮಣ್ಣ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದ. "ಪ್ಯಾಂಟು ದೇವದುರ್ಗಕ್ಕ ಹೋಗ್ಯಾದ್ರಿ."

"ನಾನಿಲ್ಲದ ನನ್ನ ಪ್ಯಾಂಟು ದೇವದುರ್ಗಕ್ಕ ಯಾಕ ಹೋತು?"

ಪರಮಣ್ಣ ಕೊಡಲಿಯಿಂದ ಶುರು ಮಾಡಿ ವಿವರಿಸಿದ. ಸಾಹೇಬರು ಅವನ ಕೊರಳಪಟ್ಟಿ ಹಿಡಿದು ನೇರ ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದರು. ಅಲ್ಲಿ ಜಮಾದಾರ ದೂರು ಬರೆಯಲು ಕೂತ.

"ಮಿಷನ್ನು ಯಾರು ಒಯ್ದ್ರು?"

"ನಮ್ಮ ಕೆಲಸಗಾರ್ರು, ನನ್ನ ಹೇಣ್ತಿ."

"ನಿನ್ನ ಕೇಳಲಾರದ?"

"ಕೇಳಿ ಒಯ್ದ್ರು. ನಾ ಹೂಂ ಅಂದೆ."

"ಮತ್ತ ಕಳವು ಹೆಂಗಾತಲೇ?"

"ಹೂಂ ಅನ್ನೋ ಹೊತ್ತಿಗೆ ಕೊರಳಾಗ ಹಾರ ಇತ್ರಿ" ಎಂದು ಪರಮಣ್ಣ ಅಳುಮೋರೆ ಮಾಡಿದ. ಅವನ ಜೇಬಿನಿಂದ ಇಣುಕುತ್ತಿದ್ದ ಪತ್ರಿಕೆಯನ್ನು ಜಮಾದಾರ ಎಳೆದು ಓದಿ, ಎದ್ದು ನಿಂತು ಅವನಿಗೊಂದು ಸೆಲ್ಯೂಟು ಹೊಡೆದು, "ಇಂಥ ದೊಡ್ಡ ಮನಷ್ಯಾನ ಮ್ಯಾಲ ನಾ ಕೇಸ್ ಬರಿಯಂಗಿಲ್ರಿ ಸಾಹೇಬ್ರ" ಅಂದ. ದೂರುಗಾರ ಯಾರು, ಆರೋಪಿ ಯಾರು ಎಂಬುದು ಆ ಹೊತ್ತಿಗೆ ಅವನಿಗೂ ಕಲಸಿಹೋಗಿತ್ತು.

ಶನಿವಾರ ಬೆಳಿಗ್ಗೆ ಪರಮಣ್ಣ ದೇವದುರ್ಗದ ಬಸ್ಸು ಹಿಡಿದ. ಮಾರೆಪ್ಪನ ಮನೆ ಹುಡುಕುವ ಕಷ್ಟ ಬರಲಿಲ್ಲ. ಅದರ ಮುಂದೆ ಕುಪ್ಪಸದ ಬಟ್ಟೆ ಹಿಡಿದ ಹೆಂಗಸರ ಸಾಲಿತ್ತು. ಕಟ್ಟೆಯ ಮೇಲೆ ಮಿಷನ್ನು ಓಡುತ್ತಿತ್ತು. ಅದನ್ನು ತುಳಿಯುತ್ತಿದ್ದವಳು ಮಾರೆಪ್ಪನ ಹೆಂಡತಿ ಆದೆಮ್ಮ. ಮಾರೆಪ್ಪ ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ.

"ಲೇ ಮಾರೆಪ್ಪ, ಮಿಷನ್ ನಿಂದಲ್ಲೇನು?"

"ಇತ್ರಿ ಧಣಿ, ಒಂದ ದಿನ ಇತ್ತು" ಮಾರೆಪ್ಪ ತಲೆ ಎತ್ತಲಿಲ್ಲ. "ನಾನು ಒಂದು ತಾಸು ಮಲಗಿದ್ದೆ. ಎದ್ದು ನೋಡಿದ್ರ ಈಕಿ ತುಳಿಯಾಕತ್ತಿದ್ಲು. ಯಾಕಂತ ಕೇಳಿದ್ರ ನೀವು ಹೇಳಿದ್ದ ಮಾತು ನನಗ ಹೇಳಿದ್ಲು. ಪೇಪರಿನಾಗಿನ ಸುದ್ದಿ ನಾನೇ ಓದಿಸಿ ಕೇಳಿಸಿದ್ದೆ ನೋಡ್ರಿ, ನನ್ನ ತಪ್ಪು."

ಪರಮಣ್ಣ ಆದೆಮ್ಮನಿಗೆ ಕೈ ಮುಗಿದ. "ಯವ್ವಾ, ದೊಡ್ಡ ಸಾಹೇಬರ ಪ್ಯಾಂಟು. ನಾಳೆ ಮಂತ್ರಿ ಬರ್ತಾರ."

"ಮಂತ್ರಿ ಪ್ಯಾಂಟೇನ್ರಿ ಅದು?"

"ಅಲ್ಲ..."

"ಹಂಗಾರ ಸಾಲಿಗೆ ನಿಂದ್ರರಿ. ಹದಿನಾಕನೇ ನಂಬರು."

"ನಾನು ಈ ಮಿಷನ್ನಿನ ಮಾಲೀಕ ಆಗಿದ್ದಾಂವ!"

"ನಾನು ಮಾಲೀಕಿ ಅದೀನಿ. ನಾನೇ ಹೊತ್ತಾರೆ ಎದ್ದು ತುಳಿಯಾಕತ್ತೀನಿ. ಆಗಿದ್ದಾಂವಗ ಏನು ಕಿರೀಟ ಇಡಬೇಕೇನ್ರಿ?"

ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಪರಮಣ್ಣ ಬಿಸಿಲಲ್ಲಿ ನಿಂತ. ಮುಂದಿದ್ದ ಮುದುಕಿಯೊಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀ ಏನು ಹೊಲಿಸಾಕ ಬಂದಿ, ಕುಪ್ಪಸಾನೋ?" ಎಂದು ಕೇಳಿದಳು. ಮೂರು ತಾಸಾದ ಮೇಲೆ ಅವನ ಪಾಳಿ ಬಂತು. ಪ್ಯಾಂಟಿನ ಕಾಲುಗಳು ಆಗಿದ್ದವು. ಸೊಂಟದ ಪಟ್ಟಿ ಉಳಿದಿತ್ತು.

"ನಡ ಎಷ್ಟ್ರಿ?" ಆದೆಮ್ಮ ಕೇಳಿದಳು.

ಪರಮಣ್ಣನ ಎದೆ ಉಬ್ಬಿತು. ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಗೊತ್ತಿರಬೇಕಾದ ವಿಷಯವನ್ನೇ ಯಾರೋ ಕೇಳಿದ್ದರು. ಅಳತೆ ಕೂಗಿದವನು ಅವನೇ. ನಲವತ್ತ ಮೂರೋ, ಮೂವತ್ತ ನಾಲ್ಕೋ? ಮೂರು, ನಾಲ್ಕು ಎರಡೂ ಇದ್ದವು ಎಂಬುದು ಮಾತ್ರ ಖಾತ್ರಿ. ಹಿಂದು ಮುಂದು ಯಾವುದು? ಈ ಕೆಲಸವನ್ನು ಇಷ್ಟು ವರ್ಷ ದಸ್ತಗೀರನ ಕಣ್ಣು ಮಾಡುತ್ತಿತ್ತು, ಆ ಕಣ್ಣು ಈಗ ರಾಯಚೂರಿನಲ್ಲಿತ್ತು. ಗೊತ್ತಿಲ್ಲ ಎನ್ನೋಣವೆಂದರೆ ಬೆನ್ನ ಹಿಂದೆ ಆಗಲೇ ಇನ್ನೂ ಹತ್ತು ಹೆಂಗಸರ ಸಾಲು. ಅವನು ಟೇಪನ್ನು ಒಮ್ಮೆ ಝಳಪಿಸಿ, "ಮೂವತ್ತ ನಾಕು!" ಎಂದು ಕೂಗಿದ.

"ಸಾಹೇಬ್ರು ಸಣಕಲು ಅದಾರೇನ್ರಿ?"

"ಅಧಿಕಾರಿಗಳು ಅಂದ್ರ ಹಂಗೇ ಇರ್ತಾರವ್ವಾ, ಹಗಲೆಲ್ಲಾ ದುಡೀತಾರ" ಎಂದು ಹೇಳಿ, ಆದೆಮ್ಮ ಕತ್ತರಿಸಿದ ಹೆಚ್ಚಿನ ಬಟ್ಟೆ ಕೆಳಗೆ ಬೀಳುವುದನ್ನು ನೋಡುತ್ತ ನಿಂತ.

ಭಾನುವಾರ ಬೆಳಿಗ್ಗೆ ದಸ್ತಗೀರನ ಮನೆಯಿಂದ ಕೋಟು ತಂದ, ಅದಕ್ಕೆ ರಜಿಯಾ ಬೇಗಂ ಗುಂಡಿ ಹಾಕಿ ಕೊಟ್ಟಳು. ಎರಡನ್ನೂ ಪೇಪರಿನಲ್ಲಿ ಸುತ್ತಿಕೊಂಡು ಮಾನ್ವಿ ಸೇರುವ ಹೊತ್ತಿಗೆ ಮೈಕಿನಲ್ಲಿ ಮಂತ್ರಿಗಳು ಬಂದ ಸುದ್ದಿ ಕೂಗುತ್ತಿದ್ದರು. ನಾಡಗೌಡರು ವೇದಿಕೆಯ ಹಿಂದಿನ ಕೋಣೆಯಲ್ಲಿ ಪಟ್ಟೆಪಟ್ಟೆಯ ಲುಂಗಿಯಲ್ಲಿ ತಿರುಗಾಡುತ್ತಿದ್ದರು. ಹೊಸ ಸೂಟಿನ ಭರವಸೆಯ ಮೇಲೆ ಬೇರೆ ಬಟ್ಟೆ ತಂದಿರಲಿಲ್ಲ, ಉಟ್ಟು ಬಂದದ್ದನ್ನು ಜೀಪಿನ ಡ್ರೈವರ್ ಒಗೆಯಲು ಕೊಟ್ಟು ಬಂದಿದ್ದ. ಕೋಟು ತೊಟ್ಟರು. ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿತು. ಪ್ಯಾಂಟು ಏರಿಸಿದರು. ಅದು ಮೊಣಕಾಲು ದಾಟಿತು, ತೊಡೆಯಲ್ಲಿ ಏದುಸಿರು ಬಿಟ್ಟಿತು, ಅಲ್ಲಿಂದ ಮೇಲೆ ಬರಲು ಸಾಫ್ ನಿರಾಕರಿಸಿತು.

"ಹೊಟ್ಟಿ ಒಳಗ ಎಳಕೊಳ್ರಿ ಸಾಹೇಬ್ರ."

"ಎಳಕೊಂಡೀನಲೇ ಮಗನ!"

"ಇನ್ನೂ ಒಂಬತ್ತು ಇಂಚು ಎಳಕೊಳ್ರಿ."

ಮೈಕಿನಲ್ಲಿ ಸಾಹೇಬರ ಹೆಸರು ಎರಡು ಸಲ ಕೂಗಿದರು. ಬೇರೆ ದಾರಿ ಇರಲಿಲ್ಲ. ಮೇಲೆ ಸಫಾರಿ, ಕೆಳಗೆ ಲುಂಗಿ; ಹಿಂಬಾಗಿಲಿನಿಂದ ನುಸುಳಿ ಮೇಜಿನ ಹಿಂದೆ ಕೂತುಬಿಟ್ಟರು. ಮೇಜಿನ ಬಟ್ಟೆ ನೆಲದವರೆಗೆ ಇತ್ತು. ಮಂತ್ರಿಗಳು ವೇದಿಕೆಗೆ ಬಂದಾಗ ಎಲ್ಲರೂ ಎದ್ದರು, ನಾಡಗೌಡರು ಏಳಲಿಲ್ಲ. ಪ್ರಾರ್ಥನೆಗೆ ಎದ್ದರು, ಅವರು ಏಳಲಿಲ್ಲ. ಹಾರ ಹಾಕಲು ಕರೆದರು, ಕೂತಲ್ಲಿಂದಲೇ ಕೈ ಮುಗಿದರು. ಸಭೆಯಲ್ಲಿ ಗುಸುಗುಸು ಹುಟ್ಟಿತು. ಇಂಥ ಸ್ವಾಭಿಮಾನದ ಅಧಿಕಾರಿಯನ್ನು ಮಾನ್ವಿ ನೋಡಿಯೇ ಇರಲಿಲ್ಲ.

ಮಂತ್ರಿಗಳು ಬಾಗಿ ಕೇಳಿದರು: "ಯಾಕ್ರೀ ಗೌಡ್ರೆ, ಕಾಲು ನೋವಾ?"

"ಹೌ... ಹೌದು ಸರ್. ಭಾಳ ನೋವು."

ಮಂತ್ರಿಗಳು ದಯಾವಂತರು, ಅದರಲ್ಲೂ ಮೈಕಿನ ಮುಂದೆ. "ಕಾಲು ನೋವಿದ್ದರೂ ಕರ್ತವ್ಯಕ್ಕೆ ಬಂದಿದ್ದಾರೆ! ಯಾರಲ್ಲಿ, ಇವರನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿ!" ಅಂದರು. "ಬ್ಯಾಡ್ರಿ, ಬ್ಯಾಡ್ರಿ" ಎನ್ನುವಷ್ಟರಲ್ಲಿ ಇಬ್ಬರು ಕಾನಿಸ್ಟೇಬಲರು ಕುರ್ಚಿ ಸಮೇತ ಸಾಹೇಬರನ್ನು ಹೆಗಲೆತ್ತರಕ್ಕೆ ಎತ್ತಿ, ಮೇಜು ಬಳಸಿ, ಸಭೆಯ ನಡುವಿನ ದಾರಿಯಲ್ಲಿ ಹೊರಟರು. ಸಾಲು ಸಾಲಾಗಿ ಜನ ಎದ್ದು ನಿಂತು ನೋಡಿದರು. ಕೊರಳಿನಿಂದ ಸೊಂಟದವರೆಗೆ ಸರ್ಕಾರ, ಸೊಂಟದಿಂದ ಕೆಳಗೆ ಹಸಿರು ಪಟ್ಟೆಯ ಲುಂಗಿ.

ಪರಮಣ್ಣ ಆ ಹೊತ್ತಿಗೆ ರಾಯಚೂರಿನ ದಾರಿಯಲ್ಲಿದ್ದ. ಬಸ್ಸು ಸಿಗುವವರೆಗೂ ಕಾಯುವ ಧೈರ್ಯವಾಗದೆ ಮೊದಲ ನಾಲ್ಕು ಮೈಲಿ ಓಡಿದ್ದ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಅವನಿಗೆ ಸಾಹೇಬರ ಹೆದರಿಕೆಗಿಂತ ಬೇರೆಯದೇ ಒಂದು ಹೆದರಿಕೆ ಹತ್ತಿತು. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಸೋಮವಾರ ಅಂಗಡಿಯ ಮುಂದೆ ಬಂದು ನಿಂತ. ಒಳಗೆ ಎರಡು ಮಿಷನ್ನು ಓಡುತ್ತಿದ್ದವು. ಒಂದರ ಮೇಲೆ ದಸ್ತಗೀರ್, ಇನ್ನೊಂದರ ಮೇಲೆ ಕರೆಮ್ಮ. ದಸ್ತಗೀರನ ಮನೆಯಲ್ಲಿ ಬೆಳಕಿರಲಿಲ್ಲ, ಮಿಷನ್ನು ಇಟ್ಟರೆ ಮಲಗಲು ಜಾಗವಿರಲಿಲ್ಲ. ಕರೆಮ್ಮನ ಮನೆಗೆ ಗಿರಾಕಿ ಬರುತ್ತಿರಲಿಲ್ಲ. ರಜಿಯಾ ಬೇಗಂ ಸೇರಿ ಮೂವರೂ ಮಾತಾಡಿಕೊಂಡು, ಮಿಷನ್ನು ಅವರವರದು, ನೆರಳು ಎಲ್ಲರದು ಎಂದು ತೀರ್ಮಾನಿಸಿದ್ದರು. ಇಬ್ಬರು ವಿದ್ವಾಂಸರಿಗೆ ಹತ್ತು ವರ್ಷ ಬಗೆಹರಿಯದಿದ್ದದ್ದು ಒಂದು ಕಪ್ ಚಹಾ ಕುಡಿಯುವುದರೊಳಗೆ ಬಗೆಹರಿದಿತ್ತು.

ಪರಮಣ್ಣ ಬಾಗಿಲಲ್ಲಿ ಕೆಮ್ಮಿದ. ಕರೆಮ್ಮ ಮಿಷನ್ನು ನಿಲ್ಲಿಸದೆ ಕೇಳಿದಳು: "ಹೊಲಿಸಾಕ ಬಂದೀರೋ, ಕೆಲಸಕ್ಕ ಬಂದೀರೋ?"

ಅವನು ಹೊರಗೆ ನೋಡಿದ. ಶೇಖಮ್ಮ ಬಳೆ ಪೋಣಿಸುವುದನ್ನು ಬಿಟ್ಟು ಕಿವಿ ಇತ್ತ ಇಟ್ಟಿದ್ದಳು. "ಕೆಲಸಕ್ಕ" ಅಂದ, ಹೊರಗೆ ಯಾರಿಗೂ ಕೇಳದ ಹಾಗೆ.

"ಏನ್ ಬರ್ತದ ನಿಮಗ?"

ಇದಕ್ಕೆ ಉತ್ತರ ಕೊಡಲು ಅವನು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಕೊರಳ ಟೇಪು ತೆಗೆದು ಮುಂದೆ ಹಿಡಿದ. ಕಡೆಗೆ ರಜಿಯಾ ಬೇಗಂ ಮರುಗಿ, ಚಾಪೆಯ ಮೇಲೆ ಸರಿದು ಜಾಗ ಮಾಡಿ, ಸೂಜಿಗೆ ದಾರ ಪೋಣಿಸಿ ಕೊಟ್ಟಳು. "ಗುಂಡಿ ಹಾಕ್ರಿ ಸಾಬ್. ಕೆಳಗಿಂದ ಚುಚ್ಚಬೇಕು, ಮ್ಯಾಲಿಂದ ತೆಗಿಬೇಕು. ಅಷ್ಟೇ ವಿದ್ಯಾ."

ಪರಮಣ್ಣ ಯಾರದೋ ಬಿಳಿ ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಬಗ್ಗಿ ಕೂತ. ಕೆಳಗಿಂದ ಚುಚ್ಚಿದ, ಬೆರಳಿಗೆ ತಾಗಿತು. ಮೇಲಿಂದ ತೆಗೆದ, ಇನ್ನೊಂದು ಬೆರಳಿಗೆ ತಾಗಿತು. ನಾಲಿಗೆ ಕಚ್ಚಿಕೊಂಡು, ಬೆವರು ಒರೆಸಿಕೊಳ್ಳುತ್ತ, ಒಂದು ತಾಸು ಮಾತಿಲ್ಲದೆ ದುಡಿದ. ಹನ್ನೆರಡು ವರ್ಷದಲ್ಲಿ ಆ ಅಂಗಡಿಯಲ್ಲಿ ಅವನು ಮಾತಾಡದೆ ಕೂತ ಅತಿ ದೀರ್ಘ ಹೊತ್ತು ಅದು. ಕಡೆಗೆ ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದು, ಕಣ್ಣಲ್ಲಿ ನೀರು ಬರುವಷ್ಟು ಹಿಗ್ಗಿನಿಂದ, "ಆತು!" ಎಂದು ಎದ್ದು ನಿಂತ.

ಬಿಳಿ ಅಂಗಿಯೂ ಅವನ ಜೊತೆಗೇ ಎದ್ದಿತು. ಗುಂಡಿ ಆ ಅಂಗಿಯನ್ನೂ ದಾಟಿ ಅವನ ಸ್ವಂತ ಧೋತರಕ್ಕೆ ಭದ್ರವಾಗಿ ಹೊಲಿದುಕೊಂಡಿತ್ತು.

ಎರಡೂ ಮಿಷನ್ನು ಒಟ್ಟಿಗೆ ನಿಂತವು. ರಜಿಯಾ ಬೇಗಂ ಗೋಡೆಗೆ ಮುಖ ತಿರುಗಿಸಿದಳು. ದಸ್ತಗೀರ್ ಬಹಳ ಹೊತ್ತು ಗಂಭೀರವಾಗಿರಲು ನೋಡಿದ, ಆಗಲಿಲ್ಲ. ಕರೆಮ್ಮ ಕತ್ತರಿ ಹಿಡಿದು ಬಂದು ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ. ಮತ್ತೊಮ್ಮೆ ಬಲವಾಗಿ ಜಗ್ಗಿದಳು. ಪರಮಣ್ಣನೇ ಒಂದು ಹೆಜ್ಜೆ ಮುಂದೆ ಬಂದ, ಗುಂಡಿ ಬರಲಿಲ್ಲ.

"ಬಿಗಿ ಅದ" ಎಂದಳು ಕರೆಮ್ಮ, ದಸ್ತಗೀರನ ಕಡೆ ತಿರುಗಿ. "ಕಲಿತಾರ." ಆಮೇಲೆ ಅಂಗಿಗೆ ಪೆಟ್ಟಾಗದ ಹಾಗೆ ನೋಡಿಕೊಂಡು, ಗಂಡನ ಧೋತರಕ್ಕೆ ಕತ್ತರಿ ಹಾಕಿದಳು.